ಬೋರವ್ವನ ಹಿಂದಿ

ಆ ತಿಂಗಳೂ ಬೋರವ್ವ ಮನೆಯಲ್ಲಿ ಸಿಗಲಿಲ್ಲ. ಬಾಗಲಕೋಟೆಯಿಂದ ಬಸ್ಸು ಹಿಡಿದು ಐಹೊಳೆಗೆ ಬಂದ ಪ್ರೊಬೇಷನ್ ಅಧಿಕಾರಿ ಇಂದ್ರಾಬಾಯಿಗೆ ಕಂಡದ್ದು ಚಿಲಕ ಹಾಕಿದ ಬಾಗಿಲು. ಗಂಡನ ಅಣ್ಣನನ್ನು ಕುಡುಗೋಲಿನಿಂದ ಕಡಿದು ಜೈಲು ಸೇರಿದ್ದ ಬೋರವ್ವ, ನಡತೆ ಚೆನ್ನಾಗಿದೆಯೆಂದು ೧೯೮೨ರಲ್ಲಿ ಅವಧಿಗೆ ಮೊದಲೇ ಬಿಡುಗಡೆಯಾಗಿ ಅಕ್ಕನ ಮನೆಗೆ ಬಂದಿದ್ದಳು. ಅವಳು ಹೇಗಿದ್ದಾಳೆಂದು ಆಗಾಗ ನೋಡಿಹೋಗುವುದು ಇಂದ್ರಾಬಾಯಿಯ ಕೆಲಸ.

"ಮನ್ಯಾಗ ಎಲ್ಲಿರ್ತಾಳ್ರಿ ಬಾಯಾರ? ಬಸ್ ಇಳಿದ ಮಂದಿ ಬೆನ್ನ ಹತ್ತಿ ಹೋಗ್ತಾಳ. ಏನ್ ಮಾತಾಡ್ತಾಳೋ ಏನೋ! ವಾಪಸ್ ಜೈಲಿಗೆ ಕಳಸ್ರಿ," ಎಂದಳು ನೆರೆಮನೆಯ ಸಂಗವ್ವ.

ತನ್ನೆದುರು ಹೂಂ, ಹಾಂ ಬಿಟ್ಟು ಬಾಯಿ ತೆರೆಯದ ಹೆಂಗಸು ಪರವೂರಿನವರ ಜೊತೆ ಏನು ಮಾತಾಡುತ್ತಾಳೆ? ಇಂದ್ರಾಬಾಯಿ ಗುಡಿಗಳತ್ತ ಹೆಜ್ಜೆ ಹಾಕಿದಳು.

ಲಾಡಖಾನ್ ಗುಡಿಯಲ್ಲಿ ಗೈಡ್ ಶಂಕ್ರಪ್ಪ ಗುಡಿಯ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಪಕ್ಕದಲ್ಲಿ ನಿಂತ ಬೋರವ್ವ ಕೈಯಾಡಿಸುತ್ತ, ಕಣ್ಣರಳಿಸುತ್ತ ಅದನ್ನೇ ಹಿಂದಿಯಲ್ಲಿ ಹೇಳುತ್ತಿದ್ದಳು! ಹಿಂದೊಮ್ಮೆ ಈ ಗುಡಿಯಲ್ಲಿ ಲಾಡಖಾನ್ ಎಂಬ ಸಾಹೇಬರೊಬ್ಬರು ಸಂಸಾರ ಹೂಡಿದ್ದರು ಎಂದಾಗ ಇಂದೂರಿನಿಂದ ಬಂದ ಕುಟುಂಬ ನಕ್ಕಿತು. ಇಂದ್ರಾಬಾಯಿ ಕಂಬದ ಮರೆಗೆ ನಿಂತಳು.

"ಇಷ್ಟು ಚೆಂದದ ಹಿಂದಿ ಎಲ್ಲಿ ಕಲಿತೆ?" ಎಂದು ಆ ಕುಟುಂಬದ ಹಿರಿಯಾಕೆ ಹಿಂದಿಯಲ್ಲೇ ಕೇಳಿದಳು.

ಶಂಕ್ರಪ್ಪ ಕೆಮ್ಮಿದ.

"ಜೈಲಿನಲ್ಲಿ," ಎಂದಳು ಬೋರವ್ವ. "ನನ್ನ ಕೋಣೆಯಲ್ಲಿದ್ದವಳಿಗೆ ಕನ್ನಡ ಬರುತ್ತಿರಲಿಲ್ಲ."

ಹಿರಿಯಾಕೆ ಮಗಳ ಕೈ ಹಿಡಿದು ಹತ್ತಿರಕ್ಕೆಳೆದುಕೊಂಡಳು. ಆಮೇಲೆ ತಡೆಯಲಾರದೆ, "ಏನು ಮಾಡಿದ್ದೆ?" ಎಂದಳು.

"ಅದು ಈ ಗುಡಿಯ ಕಥೆಯಲ್ಲ ಅಮ್ಮಾ. ಆ ಕಡೆ ಬನ್ನಿ."

ಮೊದಲು ಹೊರಟವಳು ಆ ಮಗಳೇ, ಉಳಿದವರು ಹಿಂಬಾಲಿಸಿದರು.

ಅವರೆಲ್ಲ ಬಸ್ಸು ಹತ್ತಿದ ಮೇಲೆ ಬೋರವ್ವ ಇಂದ್ರಾಬಾಯಿಯನ್ನು ಕಂಡು ಸೆರಗು ಸರಿಮಾಡಿಕೊಂಡಳು. "ಬ್ಯಾಡ ಅಂದ್ರ ಬಿಡ್ತೇನ್ರಿ."

"ಈಕಿನ್ನ ಬಿಡಸಬ್ಯಾಡ್ರಿ," ಎಂದ ಶಂಕ್ರಪ್ಪ. "ಮೊದಲ ನಾನೂ ಅಂಜಿದ್ದೆ. ಈಗ ಈಕಿ ಇಲ್ಲದಿದ್ರ ಹಿಂದಿ ಮಂದಿ ಮುಂದ ನಾ ಮೂಕ."

"ನಾ ಎಲ್ಲಿ ಬಿಡು ಅಂದೆ? ಆದ್ರ ಬೋರವ್ವ, ಖರೆ ಯಾಕ ಹೇಳಿದಿ? ಸುಳ್ಳ ಹೇಳಿದ್ರ ಯಾರಿಗೆ ತಿಳೀತಿತ್ತು?"

"ಈ ಹಿಂದಿ ನನ್ನ ಕೋಣ್ಯಾಗಿದ್ದ ಚಂಪಾ ಕಲಿಸಿದ್ದು ರೀ. ಆಕಿ ಇನ್ನೂ ಒಳಗ ಅದಾಳ. ಆಕೀನ ಇಲ್ಲ ಅನ್ನಾಕ ಮನಸ್ ಬರ್ಲಿಲ್ರಿ."

ಕೇಳಬೇಕಾದ ಸರ್ಕಾರಿ ಪ್ರಶ್ನೆಗಳು ಇನ್ನೂ ಉಳಿದಿದ್ದವು. ಇಂದ್ರಾಬಾಯಿ ಅವನ್ನು ಬಿಟ್ಟು, "ಚಂಪಾ ಎಂಥಾಕಿ?" ಎಂದಳು.

ಇಬ್ಬರೂ ಕಟ್ಟೆಯ ಮೇಲೆ ಕುಳಿತರು; ಬೋರವ್ವ ಹೇಳತೊಡಗಿದಳು. ಬಾಗಲಕೋಟೆಗೆ ಮರಳುವ ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆದು ಹೋಯಿತು. ಇಂದ್ರಾಬಾಯಿ ಏಳಲಿಲ್ಲ.