ಬಾಟಲಿಯಲ್ಲಿ ಆರು ಕಲ್ಲು

ಡಾಕ್ಟರ್ ಕಲ್ಮೇಶ್ ಎಕ್ಸ್‌ರೇಯನ್ನು ಮೂರನೇ ಸಲ ಬೆಳಕಿಗೆ ಹಿಡಿದ. ಹನ್ನೆರಡು ದಿನದ ಹಿಂದೆ ಜಾನಿಯ ಮೂತ್ರಕೋಶ ಕೊಯ್ದು ಕಲ್ಲು ತೆಗೆದಿದ್ದವನು ಅವನೇ. ಆದರೂ ಇವತ್ತು ನಾಯಿ ಕಾಲೆತ್ತಿದರೆ ಹನಿ ಹನಿ ರಕ್ತ. ಎಕ್ಸ್‌ರೇಯಲ್ಲಿ ಇನ್ನೂ ಒಂದು ಕಲ್ಲು ಕಾಣುತ್ತಿತ್ತು. ಅದರ ಒಂದು ಬದಿ ಗುಂಡಗೆ, ಇನ್ನೊಂದು ಬದಿ ಕತ್ತರಿಸಿದ ಹಾಗೆ ಚಪ್ಪಟೆ.

ಹೊಲಿಗೆ ಹಾಕಿದ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆದು, ಒಳಗೆ ಏನೂ ಉಳಿದಿಲ್ಲ ಅಂತ ನೋಡಿಯೇ ನಾಯಿಯನ್ನು ಮನೆಗೆ ಕಳಿಸಬೇಕು. ಜೂನಿಯರ್‌ಗಳಿಗೆ ಬೈದು ಬೈದು ಇದನ್ನು ಕಲಿಸಿದವನು ಅವತ್ತು ತಾನೇ ಬಿಟ್ಟಿದ್ದ. ಮೊದಲ ಎಕ್ಸ್‌ರೇಯಲ್ಲಿ ಆರು ಇದ್ದವು, ಟ್ರೇಗೂ ಆರು ಬಿದ್ದವು. ಸರಿಹೋಯ್ತಲ್ಲ, ಇನ್ನೇನು ಅನ್ನುವ ದೌಲತ್ತು.

ಜಾನಿಯನ್ನು ಸಾಕಿದ ಅಕ್ಕಯ್ಯಮ್ಮ ಆ ಆರನ್ನೂ ಬಾಟಲಿಯಲ್ಲಿಟ್ಟುಕೊಂಡು ನಾಗರಬಾವಿಯ ಅಕ್ಕಪಕ್ಕದವರಿಗೆಲ್ಲ ತೋರಿಸಿದ್ದರು. ಈಗ ಅದು ಮೇಜಿನ ಮೇಲಿತ್ತು. ಕಲ್ಮೇಶ್ ಅಲ್ಲಾಡಿಸಿ ನೋಡಿದ. ಐದು ಇಡೀ ಕಲ್ಲು, ಆರನೆಯದು ಬರೀ ಅರ್ಧ. ತೆಗೆಯುವಾಗ ಮುರಿದಿತ್ತು. ಉಳಿದರ್ಧವನ್ನು ಒಳಗೇ ಬಿಟ್ಟು ಹೊಲಿದಿದ್ದ.

“ತಪ್ಪು ನಂದೇ ಸಾರ್,” ಅಂದರು ಅಕ್ಕಯ್ಯಮ್ಮ ಕಣ್ಣೊರೆಸಿಕೊಂಡು. “ನೀವು ಬೇಡ ಅಂದಿದ್ರಿ. ಪಾಪ, ದಿನಾ ಆ ಡಾಗ್ ಫುಡ್ಡೇ ತಿಂತಾನಲ್ಲ ಅಂತ ನಾನೇ ಎರಡು ತುತ್ತು ಬಸ್ಸಾರು ಅನ್ನ ಹಾಕ್ದೆ. ಅದಕ್ಕೇ ಮತ್ತೆ ಕಲ್ಲಾಯ್ತು, ಅಲ್ವಾ?”

ಅಲ್ಲ ಅನ್ನಲು ಕಲ್ಮೇಶ್ ಬಾಯಿ ತೆರೆದ. “ಇನ್ಮೇಲೆ ಹಾಕ್ಬೇಡಿ,” ಅಂದ.

ಅಕ್ಕಯ್ಯಮ್ಮ ನಾಯಿಯ ಮುಂದೆ ಬಗ್ಗಿ, ದೇವರ ಮುಂದೆ ಬಡಿದುಕೊಳ್ಳುವ ಹಾಗೆ ಗಲ್ಲ ಗಲ್ಲ ಬಡಿದುಕೊಂಡರು. “ತಪ್ಪಾಯ್ತು ಕಣೋ ಮಗ್ನೇ.”