ಹೂಂ ಅನ್ನಬೇಕಾದವರು

ವಿಮೆ ಕಂಪನಿಯವರು ಬೆಂಕಿಗೆ ಹೆದರುವುದಿಲ್ಲ, ನೀರಿಗೂ ಹೆದರುವುದಿಲ್ಲ. ಅವರು ಹೆದರುವುದು ಒಂದೇ ಮಾತಿಗೆ, 'ಹೊಂದುವುದಿಲ್ಲ' ಎಂಬ ಮಾತಿಗೆ. ದೊಡ್ಡವರ ಮನೆಯಲ್ಲಿ ಒಂದು ಮೂಲೆ ಹಾಳಾಗಿ, ಅದಕ್ಕೆ ಹೊಂದುವ ಕಲ್ಲೋ ಮರವೋ ಸಿಗದೆ ಹೋದರೆ, ನೆಟ್ಟಗಿರುವ ಉಳಿದದ್ದನ್ನೂ ಕಿತ್ತು ಹೊಸದು ಹಾಕಿಸಿಕೊಡಬೇಕೆಂದು ಅವರ ಕಾಗದದಲ್ಲೇ ಬರೆದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆ ಬರೆ ತಪ್ಪಿಸಲು ಅವರು ಕರೆಸುತ್ತಿದ್ದದ್ದು ಪಾಲಿಶ್ ಮೇಸ್ತ್ರಿಯನ್ನು.

ಹೊಸ ಹಲಗೆಯನ್ನು ಹಳೆಯದರ ಪಕ್ಕ ನಿಲ್ಲಿಸಿ, ಯಾವುದು ಹೊಸದು ಎಂದು ಹೆತ್ತ ತಾಯಿಗೂ ತಿಳಿಯದ ಹಾಗೆ ಮಾಡುವುದು ಅವನ ಕೆಲಸ. ಕಣ್ಣಿಗೆ ಮಣ್ಣೆರಚುವುದೇ ತನ್ನ ಕಸುಬೆಂದು ಅವನೇ ನಗಾಡುತ್ತಿದ್ದ. ಐವತ್ತಾರು ವರ್ಷದವನು, ಮಾತು ಕಮ್ಮಿ, ಉಗುರಿನ ಸಂದಿಯಲ್ಲಿ ಅರಗಿನ ಕಂದು.

ಈ ಸಲ ಕರೆದದ್ದು ನಾಲ್ಕನೇ ಮಹಡಿಯ ಒಂದು ಮನೆಗೆ. ಮೇಲಿನ ಮನೆಯ ಸ್ನಾನದ ಕೋಣೆಯ ಪೈಪು ಒಡೆದು, ನೀರು ಗೋಡೆಯೊಳಗಿನಿಂದ ಇಳಿದು, ಹಜಾರದ ಗೋಡೆಗೆ ಹೊದಿಸಿದ್ದ ಆಕ್ರೋಟ ಮರದ ನಲವತ್ತೆರಡು ಹಲಗೆಗಳಲ್ಲಿ ಹನ್ನೊಂದು ಬಿಳುಚಿಕೊಂಡು ಸಿಪ್ಪೆಯೆದ್ದಿದ್ದವು. ಮೇಸ್ತ್ರಿ ಒಳಗೆ ಕಾಲಿಟ್ಟು, ಗೋಡೆಯನ್ನು ನೋಡಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟ. ಮೆಟ್ಟಿಲು ಹತ್ತಿದ ಸುಸ್ತು ಎಂದು, ನಷ್ಟ ಅಳೆಯಲು ಬಂದಿದ್ದ ವಿಮೆ ಕಂಪನಿಯ ಸರ್ವೇಯರ್ ನೀರು ತರಿಸಿಕೊಟ್ಟ.

ಸುಸ್ತಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ಆ ಹಲಗೆಗಳನ್ನು ಉಜ್ಜಿ ನುಣ್ಣಗೆ ಮಾಡಿದವನು ಇವನೇ. ಬಣ್ಣ ಕೊಟ್ಟು ಪಾಲಿಶ್ ಎಳೆದವಳು ಇವನ ಹೆಂಡತಿ.

ಅವಳಿಗೆ ಅಳತೆ ಗೊತ್ತಿರಲಿಲ್ಲ. ಎಷ್ಟು ಅರಗು, ಎಷ್ಟು ಸ್ಪಿರಿಟ್ ಎಂದು ಯಾರಾದರೂ ಕೇಳಿದರೆ 'ಕಣ್ಣಳತೆ' ಅನ್ನುತ್ತಿದ್ದಳು. ಇಬ್ಬರೂ ಸೇರಿ ಮಾಡಿದ ಯಾವ ಕೆಲಸವೂ ಅವಳ ಒಪ್ಪಿಗೆಯಿಲ್ಲದೆ ಆಚೆ ಹೋಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಒಂದು ಬದಿಗೆ ವಾಲಿಸಿ ನೋಡುವಳು. 'ಹೂಂ' ಅಂದರೆ ಸಾಮಾನು ಗಾಡಿಗೆ. 'ಉಹೂಂ' ಅಂದರೆ ಮೂರು ದಿನದ ಕೆಲಸವನ್ನು ಕೆರೆದು ಮೊದಲಿಂದ. ಯಾಕೆ ಎಂದು ಅವಳೂ ಹೇಳುತ್ತಿರಲಿಲ್ಲ, ಇವನೂ ಕೇಳುತ್ತಿರಲಿಲ್ಲ. ಅವಳ ಉಹೂಂ ಒಮ್ಮೆಯೂ ಸುಳ್ಳಾಗಿರಲಿಲ್ಲ.

ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಮೂರು ದಿನದ ಜ್ವರದಲ್ಲಿ ಅವಳು ಹೋದಳು. ಉಳಿದದ್ದು ಮದುವೆಯ ಒಂದು ಫೋಟೊ. ಅದರಲ್ಲಿ ಅವಳು ಯಾರದೋ ಮನೆಗೆ ಬಂದವಳ ಹಾಗೆ ಬಿಗಿದುಕೊಂಡು ನಿಂತಿದ್ದಾಳೆ. ಮೇಸ್ತ್ರಿಗೆ ಹೆಂಡತಿಯ ಬಗ್ಗೆ ಮಾತಾಡಲು ಬಾರದು. ಅವಳ ಕೆಲಸ ತೋರಿಸಿದರೆ ಸಾಕು, ಮಗಳಿಗೆ ಅಮ್ಮ ಸಿಕ್ಕ ಹಾಗೆ ಎಂದುಕೊಂಡಿದ್ದ. ಮಗಳು ಹನ್ನೆರಡರವಳಿದ್ದಾಗ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ಅಮ್ಮ ಪಾಲಿಶ್ ಮಾಡಿದ್ದ ಮೆಟ್ಟಿಲು ಹೋಗಿ ಅಲ್ಲಿ ಗಾಜು ಬಂದಿತ್ತು. ಮೂರು ವರ್ಷ ಬಿಟ್ಟು ಒಂದು ಗ್ರಂಥಾಲಯಕ್ಕೆ ಹೋದರು. ಮೇಜುಗಳಿದ್ದವು, ಆದರೆ ಯಾರೋ ಪುಣ್ಯಾತ್ಮರು ಎಲ್ಲಕ್ಕೂ ಬಿಳಿ ಬಣ್ಣ ಬಳಿದಿದ್ದರು. ಹುಡುಗಿ ಎರಡು ದಿನ ಮಾತಾಡಲಿಲ್ಲ. ಆಮೇಲೆ, ಇನ್ನು ಮುಂದೆ ನೀನು ಮೊದಲು ಹೋಗಿ ನೋಡಿ ಬಾ, ಇದ್ದರೆ ಮಾತ್ರ ನನಗೆ ಹೇಳು ಅಂದಳು.

ಇಲ್ಲಿ ಇತ್ತು. ಮೂವತ್ತೊಂದು ಹಲಗೆ. ಈ ಭೂಮಿಯ ಮೇಲೆ ಅವಳ ಕೈಕೆಲಸ ಅಂತ ಉಳಿದದ್ದು ಅಷ್ಟೇ.

ಮನೆಯೊಡೆಯನಿಗೆ ಆ ಗೋಡೆ ಬೇಡವಾಗಿತ್ತು. ಮನೆ ಕೊಂಡಾಗಿನಿಂದ ಅದು ಅವನಿಗೆ ಹಳೇ ವಕೀಲರ ಕಚೇರಿಯ ಹಾಗೆ ಕಾಣುತ್ತಿತ್ತಂತೆ. ಬೂದಿ ಬಣ್ಣದ ಹೊಸ ಗೋಡೆಯ ಚಿತ್ರ ಫೋನಿನಲ್ಲಿ ಸಿದ್ಧವಾಗಿತ್ತು. ಪೈಪು ಒಡೆದದ್ದು ಅವನ ಪಾಲಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಅನ್ನುವ ಹಾಗಾಗಿತ್ತು. ಇಂಥ ಪಾಲಿಶ್ ಈಗ ಯಾರಿಗೂ ಬರುವುದಿಲ್ಲ, ಹೊಂದಿಸುವುದು ಆಗದ ಮಾತು ಎಂದು ಪಟ್ಟು ಹಿಡಿದ. ಸರ್ವೇಯರ್ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ, ಕೊನೆಗೆ ಒಂದು ದಾರಿ ಹೇಳಿದ. ಒಳ್ಳೆಯ ಹಲಗೆಗಳ ನಡುವಿನಿಂದ ಒಂದನ್ನು ಬಿಚ್ಚಿ ಮೇಸ್ತ್ರಿಗೆ ಮಾದರಿಯಾಗಿ ಕೊಡುವುದು. ಮೇಸ್ತ್ರಿ ಅಂಥದ್ದೇ ಒಂದನ್ನು ಮಾಡಿ ಆ ಜಾಗದಲ್ಲಿ ಕೂರಿಸುವುದು. ಹೊಸದು ಯಾವುದೆಂದು ಯಾರಿಗೂ ಸಿಗದಿದ್ದರೆ ಹನ್ನೊಂದು ಮಾತ್ರ ಬದಲಾಯಿಸುವುದು. ಸಿಕ್ಕರೆ ಗೋಡೆ ಪೂರ್ತಿ ಹೊಸದು. ಕಿತ್ತ ಹಲಗೆಗಳೆಲ್ಲ ಮಾದರಿಯೂ ಸೇರಿ ಕಂಪನಿಗೆ, ಅಲ್ಲಿಂದ ಪುಡಿ ಮಾಡುವ ಯಂತ್ರಕ್ಕೆ. ಅದು ಅವರ ನಿಯಮ.

ಇದು ತನ್ನ ಹೆಂಡತಿಯ ಕೆಲಸವೆಂದು ಮೇಸ್ತ್ರಿ ಹೇಳಲಿಲ್ಲ. ಹೇಳಿದ್ದರೆ, ನಿಮ್ಮ ಮನೆಯವರ ಕೆಲಸಕ್ಕೆ ನೀವೇ ತೀರ್ಪು ಕೊಡುವುದು ಹೇಗೆ ಎಂದು ಬೇರೆಯವನನ್ನು ಕರೆಸುತ್ತಿದ್ದರು. ಬೇರೆಯವನಿಗೆ ಆ ಬಣ್ಣ ಕನಸಿನಲ್ಲೂ ಬರುತ್ತಿರಲಿಲ್ಲ. ಮಗಳಿಗೂ ಹೇಳಲಿಲ್ಲ. ಗೋಡೆ ಉಳಿದ ಮೇಲೆ ಹೇಳೋಣ ಎಂದುಕೊಂಡ.

ಬಣ್ಣ ಒಂದೇ ವಾರದಲ್ಲಿ ಬಂತು. ಬಾರದೇ ಹೋದದ್ದು ಕೈ. ಓರೆ ಬೆಳಕಿನಲ್ಲಿ ಹಿಡಿದರೆ ಪಾಲಿಶಿನ ಮೇಲೆ ಬಟ್ಟೆ ತಿರುಗಿದ ಸುತ್ತುಗಳು ಕೂದಲೆಳೆಯಷ್ಟು ಕಾಣುತ್ತವೆ. ಅವಳು ಎಡಗೈಯವಳು, ಅವಳ ಸುತ್ತುಗಳು ಆ ಕಡೆಗೆ ವಾಲುತ್ತವೆ. ಇವನವು ಈ ಕಡೆಗೆ. ಅಕ್ಕಪಕ್ಕ ಇಟ್ಟರೆ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮೇಸ್ತ್ರಿ ಬಟ್ಟೆಯ ಉಂಡೆಯನ್ನು ಎಡಗೈಗೆ ತೆಗೆದುಕೊಂಡ. ಐವತ್ತಾರರಲ್ಲಿ ಮಗುವಿನ ಹಾಗೆ ಅಕ್ಷರ ತಿದ್ದಿದ. ಹತ್ತೊಂಬತ್ತು ಹಲಗೆ ಹಾಳಾದವು. ಭುಜ ಬಾತುಕೊಂಡು ಅಂಗಿ ಹಾಕಿಕೊಳ್ಳಲು ಆಗದಂತಾಯಿತು. ಮಗಳು ಕೇಳಿದಾಗ ಮಗ್ಗುಲು ಸರಿಯಾಗಿ ಮಲಗಲಿಲ್ಲ ಅಂದ. ಇಪ್ಪತ್ತನೆಯದನ್ನು ಮಾದರಿಯ ಪಕ್ಕ ನಿಲ್ಲಿಸಿ ಬಹಳ ಹೊತ್ತು ನೋಡಿದ. ತಪ್ಪು ಸಿಗಲಿಲ್ಲ. ಆದರೂ ಏನೋ ಕಡಿಮೆಯಿತ್ತು, ಏನೆಂದು ಹೇಳಲು ಅವನಿಗೆ ಬರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಮಗಳೇ ವ್ಯಾನು ಓಡಿಸಿಕೊಂಡು ಬಂದಳು. ಅವಳು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವಳು. ಯಂತ್ರ ಹೇಳಿದ್ದನ್ನೂ ಒಮ್ಮೆ ಕಣ್ಣಲ್ಲಿ ನೋಡಿ ತಿದ್ದುವವಳು. ಅವಳದೂ ಎಡಗೈಯೇ. ಅದು ಎಲ್ಲಿಂದ ಬಂತೆಂದು ಮೇಸ್ತ್ರಿ ಅವಳಿಗೆ ಹೇಳಿರಲಿಲ್ಲ. ಅದನ್ನೂ ಒಂದು ಗೋಡೆಯ ಮುಂದೆ ನಿಲ್ಲಿಸಿಯೇ ಹೇಳಬೇಕೆಂದು ಇಟ್ಟುಕೊಂಡಿದ್ದ. ಅವಳನ್ನು ಕೆಳಗೇ ಬಿಟ್ಟು, ಹಲಗೆಯನ್ನು ಮೇಲೆ ಹೊತ್ತು ಕೂರಿಸಿದ.

ಆಮೇಲೆ ಮನೆಯೊಡೆಯ ಬಂದ. ಫೋನಿನ ದೀಪ ಹಾಕಿ, ಬಗ್ಗಿ, ಮೂಸಿ ನೋಡಿ ಬೆರಳಿಟ್ಟದ್ದು ಹಳೆಯ ಹಲಗೆಯ ಮೇಲೆ. ಎರಡನೆಯ ಸಲವೂ ತಪ್ಪಿದ. ಅವನು ಕರೆಸಿದ್ದ ಒಳಾಂಗಣ ಅಲಂಕಾರದ ಪಂಡಿತ ಅರ್ಧ ಗಂಟೆ ಓಡಾಡಿ ತಲೆ ಕೆರೆದುಕೊಂಡ. ಮನೆಯೊಡೆಯನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ಸರ್ವೇಯರ್ ಕಾಗದ ಬಿಡಿಸಿ ಪೆನ್ನು ತೆಗೆದ.

ಅಷ್ಟಕ್ಕೇ ಮೇಸ್ತ್ರಿ ಚೀಲ ಎತ್ತಿಕೊಂಡು ಹೊರಟುಬಿಡಬೇಕಿತ್ತು. ಬೇರೆ ಯಾರೇ ಆಗಿದ್ದರೂ ಹೊರಡುತ್ತಿದ್ದರು. ಆದರೆ ಹೂಂ ಅನ್ನಿಸಿಕೊಳ್ಳದೆ ಒಂದು ಕೆಲಸ ಬಿಟ್ಟುಕೊಟ್ಟು ಗೊತ್ತಿಲ್ಲದ ಪ್ರಾಣಿ ಅದು. ಹೆಂಡತಿ ಹೋದ ಮೇಲೆ ಎಷ್ಟೋ ಕೆಲಸ ಹಾಗೇ ಬಿಟ್ಟಿದ್ದ, ಅದು ಹೊಟ್ಟೆಪಾಡು. ಇದು ಅವಳ ಗೋಡೆ. ಅದೂ ಅಲ್ಲದೆ ಗೆದ್ದ ಸಂತೋಷ ನೆತ್ತಿಗೇರಿತ್ತು. ಮಗಳು ಬರಲಿ, ನೋಡಲಿ, ಹೂಂ ಅನ್ನಲಿ, ಆ ಉಸಿರಿನಲ್ಲೇ ಎಲ್ಲ ಹೇಳಿಬಿಡೋಣ ಅನ್ನಿಸಿತು.

"ಒಂದ್ನಿಮಿಷ ತಡೀರಿ," ಅಂದ. "ನಮ್ಮ ಕಣ್ಣೆಲ್ಲ ಏನು ಕಣ್ಣು. ಕೆಳಗೆ ನನ್ನ ಮಗಳಿದ್ದಾಳೆ. ಅವಳು ಹೂಂ ಅಂದ್ಮೇಲೆ ಸಹಿ ಹಾಕಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಡ ಅನ್ನಲು ಸರ್ವೇಯರ್ ಬಾಯಿ ತೆರೆಯುವಷ್ಟರಲ್ಲಿ, ಮುಳುಗುತ್ತಿದ್ದ ಮನೆಯೊಡೆಯ ಆಗಲಿ ಆಗಲಿ ಕರೀರಿ ಎಂದು ತಾನೇ ಬಾಗಿಲಿಗೆ ಓಡಿದ.

ಮಗಳು ಬಂದಳು. ಇದರಲ್ಲಿ ಒಂದು ಹೊಸದು, ಯಾವುದು ಹೇಳಿ ಎಂದು ಸರ್ವೇಯರ್ ಅಷ್ಟೇ ಹೇಳಿದ. ಅಪ್ಪ ತನ್ನ ಕಣ್ಣನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಅವಳು ತಿಳಿದಳು. ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಒಂದು ಬದಿಗೆ ವಾಲಿಸಿದಳು. ಯಾರೂ ಕಲಿಸಿಕೊಟ್ಟದ್ದಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೇಸ್ತ್ರಿ ಅಷ್ಟು ಸುಖವಾಗಿದ್ದದ್ದು ಆ ಒಂದು ಗಳಿಗೆ ಮಾತ್ರ.

"ಉಹೂಂ," ಅಂದಳು ಮಗಳು. ನೆಟ್ಟಗೆ ಹೋಗಿ ಎಡಗಡೆಯಿಂದ ಹದಿನಾಲ್ಕನೆಯದರ ಮೇಲೆ ಅಂಗೈ ಇಟ್ಟಳು.

ಹೇಗೆ ಗೊತ್ತಾಯಿತೆಂದು ಸರ್ವೇಯರ್ ಕೇಳಿದ.

"ಬಣ್ಣ ಸರಿಯಾಗೇ ಇದೆ. ಉಳಿದವೆಲ್ಲ ಎಡಗೈಯವರು ಮಾಡಿದ್ದು, ನನ್ನ ಹಾಗೆ. ಅವರಿಗೆ ಭಯ ಇಲ್ಲ. ಇದನ್ನ ಯಾರೋ ಹೆದರ್ಕೊಂಡು ಮಾಡಿದ್ದಾರೆ."

ಮನೆಯೊಡೆಯ ಆಗಲೇ ಫೋನು ಕಿವಿಗಿಟ್ಟಿದ್ದ. ಬೂದಿ ಬಣ್ಣದವರು ನಾಳಿದ್ದು ಬರುವುದು, ನಾಳೆಯೇ ಇದನ್ನೆಲ್ಲ ಕಿತ್ತು ಕಂಪನಿಯ ಲಾರಿಗೆ ಹಾಕುವುದು ಎಂದು ನಿಂತಲ್ಲೇ ತೀರ್ಮಾನವಾಯಿತು. ಸರ್ವೇಯರ್ ಪೆನ್ನಿನ ಮುಚ್ಚಳ ಹಾಕಿ, ನಿಮ್ಮಂಥವರನ್ನು ನಾನು ನೋಡಿಲ್ಲ ಮೇಸ್ತ್ರಿ ಅಂದ. ಬೈದದ್ದೋ ಹೊಗಳಿದ್ದೋ ಅವನಿಗೇ ಗೊತ್ತು. ಈಗ ನಿಜ ಹೇಳಿದರೂ ಗೋಡೆ ಉಳಿಯುವುದಿಲ್ಲ. ಉಳಿಯುವುದು, ಅಮ್ಮನ ಗೋಡೆಯನ್ನು ಬೀಳಿಸಿದವಳು ನಾನು ಎಂಬ ಒಂದು ಮಾತು, ಮಗಳ ಎದೆಯಲ್ಲಿ, ಅವಳು ಬದುಕಿರುವ ತನಕ. ಮೇಸ್ತ್ರಿ ಉಪ್ಪುಕಾಗದದ ಚೂರುಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ತುಂಬಿದ.

ವ್ಯಾನಿನಲ್ಲಿ ಕೂತ ಮೇಲೆ ಮಗಳು ಕೀಲಿ ತಿರುಗಿಸಲಿಲ್ಲ. ಅಪ್ಪನ ಮುಖ ನೋಡಿದಳು. ಆ ಹಲಗೆ ನಿನ್ನದಾ, ನಾನು ನಿನ್ನ ಕೆಲಸ ಕೆಡಿಸಿದೆನಾ ಎಂದು ಕೇಳಿದಳು. ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಹಾಗೇ ಹೇಳಬೇಕು ಅಂದ. ಅವಳು ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು.

"ಅಪ್ಪ, ಅಮ್ಮನೂ ಎಡಗೈಯವಳಾ?"

ಇಷ್ಟು ವರ್ಷ ಅವನು ಕಾದಿದ್ದ ಪ್ರಶ್ನೆ ಅದು.

"ಇಲ್ಲಮ್ಮ," ಅಂದ ಮೇಸ್ತ್ರಿ. "ಬಲಗೈ."

ಮಗಳು ತಲೆಯಾಡಿಸಿದಳು. "ಸುಮ್ನೆ ಕೇಳ್ದೆ," ಅಂದು ಗಾಡಿ ಶುರು ಮಾಡಿದಳು.