ಭಾನುವಾರ ಮೂರಕ್ಕೆ ನಿಲ್ಲುವ ಗಿರಣಿ

ಕೂಡ್ಲಿಗಿಯಲ್ಲಿ ಶಿವಬಸಮ್ಮನ ಹಿಟ್ಟಿನ ಗಿರಣಿ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ನಿಲ್ಲುತ್ತಿತ್ತು. ಗಿರಾಕಿ ಹೆಚ್ಚಿರುವ ದಿನವೇ ಅದು. ಜೋಳದ ಡಬ್ಬಿ ಹಿಡಿದು ನಿಂತವರು ಗೊಣಗುತ್ತಿದ್ದರು. ಗೊಣಗುವುದರಲ್ಲಿ ಶಿವಬಸಮ್ಮ ಅವರಿಗಿಂತ ಒಂದು ಕೈ ಮೇಲು. ಮಹಡಿಯ ಮೇಲೆ ಬಾಡಿಗೆಗಿರುವ ಕಾಲೇಜು ಮೇಷ್ಟ್ರು ಯಾವುದೋ ದೇಶದ ಮುದುಕಿಯ ಜೊತೆ ಕಂಪ್ಯೂಟರಿನಲ್ಲಿ ಮಾತಾಡಬೇಕಂತೆ, ಗಿರಣಿ ಸದ್ದಿಗೆ ಏನೂ ಕೇಳುವುದಿಲ್ಲವಂತೆ ಎಂದು ಎಲ್ಲರೆದುರು ಬೈದುಕೊಂಡೇ ಸ್ವಿಚ್ ಆರಿಸುತ್ತಿದ್ದಳು. ಏಳು ವರ್ಷ ಹೀಗೇ ನಡೆದಿತ್ತು.

ಆ ಮುದುಕಿ ಅಥೆನ್ಸಿನ ಎಲೆನಿ. ಗ್ಯಾಲಕ್ಸಿಗಳು ಯಾಕೆ ಆಯಾ ಆಕಾರದಲ್ಲಿರುತ್ತವೆ ಎಂದು ಜೀವಮಾನವಿಡೀ ಲೆಕ್ಕ ಹಾಕಿದವಳು. ಮಹಡಿಯ ಆ ಫಿಸಿಕ್ಸ್ ಮೇಷ್ಟ್ರು ಕ್ರಾಂತಿಕುಮಾರ್ ಒಮ್ಮೆ ಆಕೆಯ ಪ್ರಬಂಧದಲ್ಲಿ ತಪ್ಪು ಕಂಡೆನೆಂದು ಹೆದರುತ್ತ ಮೇಲ್ ಬರೆದಿದ್ದ. ತಪ್ಪು ಅವನದೇ ಎಂದು ಆಕೆ ಉದ್ದಕ್ಕೆ ತಿಳಿಸಿ, ಕೊನೆಗೆ ನನ್ನ ಜೊತೆ ಕೆಲಸ ಮಾಡುತ್ತೀಯಾ ಎಂದು ಕೇಳಿದಳು. ಇಬ್ಬರೂ ಒಮ್ಮೆಯೂ ಎದುರಾಬದುರು ಕೂತಿರಲಿಲ್ಲ.

ಒಂದು ವರ್ಷದಿಂದ ಅವರಿಬ್ಬರ ನಡುವೆ ಜಗಳ ನಡೆದಿತ್ತು. ಕೆಲವು ಗ್ಯಾಲಕ್ಸಿಗಳ ನಡುಮಧ್ಯೆ ನಕ್ಷತ್ರಗಳದೇ ಒಂದು ಉದ್ದನೆಯ ಪಟ್ಟಿ, ಮನೆಯ ತೊಲೆಯಂತೆ, ಇರುತ್ತದೆ. ಅದರ ಎರಡು ತುದಿಗಳಿಂದ ಎರಡು ತೋಳುಗಳು ಸುರುಳಿಯಾಗಿ ಹೊರಡುತ್ತವೆ. ಅಲ್ಲಿ ಒಂದೇ ದಾರಿಯಲ್ಲಿ ತಿರುಗುವ ವಿಧೇಯ ನಕ್ಷತ್ರಗಳಿವೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎತ್ತಲೋ ಹೋಗಿಬಿಡುವ, ಯಾರ ಅಂಕೆಗೂ ಸಿಗದ ಅಲೆಮಾರಿ ನಕ್ಷತ್ರಗಳೂ ಇವೆ. ತೋಳಿನ ಆಕಾರ ಉಳಿಯುವುದು ಯಾರಿಂದ? ವಿಧೇಯರಿಂದ ಎಂದು ಕ್ರಾಂತಿಕುಮಾರ್. ಅಲೆಮಾರಿಗಳಿಂದ ಎಂದು ಎಲೆನಿ. ಕೊಟ್ಟೂರಿನ ಬಸ್ ಸ್ಟ್ಯಾಂಡು ಯಾವಾಗಲೂ ತುಂಬಿರುತ್ತದೆ ಎಂದು ಅವನೇ ಹಿಂದೊಮ್ಮೆ ಆಕೆಗೆ ಹೇಳಿದ್ದ. ಅಲ್ಲಿ ನಿಂತವರು ಅಲ್ಲೇ ನಿಂತಿರುತ್ತಾರೇನು, ಒಬ್ಬರು ಹೋದರೆ ಇನ್ನೊಬ್ಬರು ಬರುವುದಿಲ್ಲವೇ ಎಂದು ಆಕೆ ಅದನ್ನೇ ಅವನ ಮೇಲೆ ತಿರುಗಿಸಿ ಗಟ್ಟಿಯಾಗಿ ನಕ್ಕಿದ್ದಳು.

ಆ ಶುಕ್ರವಾರ ಅವನ ಹೊಸ ಲೆಕ್ಕ ಮುಗಿಯಿತು. ವಿಧೇಯ ನಕ್ಷತ್ರಗಳನ್ನು ತೆಗೆದುಹಾಕಿದರೂ ತೋಳು ಉಳಿಯಿತು. ಅಲೆಮಾರಿಗಳನ್ನು ತೆಗೆದರೆ ಕರಗಿಹೋಯಿತು. ಎಷ್ಟು ಸಲ ನೋಡಿದರೂ ಅಷ್ಟೇ. ಸೋತಿದ್ದಕ್ಕೆ ಅವನಿಗೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಕೂಡಲೇ ಮೇಲ್ ಮಾಡಬಹುದಿತ್ತು, ಮಾಡಲಿಲ್ಲ. ನೀವೇ ಗೆದ್ದಿರಿ ಎಂದು ಬಾಯಿಂದಲೇ ಹೇಳಿ ಆ ನಗು ಕೇಳಬೇಕೆಂದು ಭಾನುವಾರಕ್ಕೆ ಕಾಯ್ದಿಟ್ಟುಕೊಂಡ. ಹಿಂದಿನ ವಾರ ನೆಗಡಿಯೆಂದು ಆಕೆ ಮಾತಿಗೆ ಬಂದಿರಲಿಲ್ಲ, ಅದೂ ಸೇರಿ ಮನಸ್ಸು ತುದಿಗಾಲಲ್ಲಿ ನಿಂತಿತ್ತು.

ಶನಿವಾರ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಆಕೆಯ ಮಗಳ ಮೇಲ್ ಬಂತು. ಅಮ್ಮ ತೀರಿಕೊಂಡಳು, ಮಣ್ಣಾಗಿ ನಾಲ್ಕು ದಿನವಾಯಿತು, ನಿಮ್ಮ ವಿಳಾಸ ಹುಡುಕುವುದು ತಡವಾಯಿತು ಎಂದಿತ್ತು.

ಪಕ್ಕದಲ್ಲಿದ್ದ ಕಾಮರ್ಸ್ ಮೇಷ್ಟ್ರು ಅರುಣಕುಮಾರ್ ಅವನ ಮುಖ ನೋಡಿ ಏನಾಯಿತೆಂದು ಕೇಳಿದ. ಗೊತ್ತಿದ್ದವರೊಬ್ಬರು ತೀರಿಕೊಂಡರು ಎಂದ ಕ್ರಾಂತಿಕುಮಾರ್.

"ಅಯ್ಯೋ ಪಾಪ. ನಿಮಗ ಏನಾಗಬೇಕಿತ್ರಿ ಅವರು?"

ಕ್ರಾಂತಿಕುಮಾರ್ ಯೋಚಿಸಿದ. ಗುರು ಎಂದರೆ ಆಕೆಗೆ ಸಿಟ್ಟು ಬರುತ್ತಿತ್ತು. ಗೆಳತಿ ಎಂದರೆ ಈ ರೂಮಿನಲ್ಲಿ ಬೇರೆಯೇ ಕಥೆ ಶುರುವಾಗುತ್ತದೆ.

"ಏನೂ ಆಗಬೇಕಿಲ್ರಿ," ಎಂದ.

ಹಾಗಿದ್ದರೆ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅರುಣಕುಮಾರ್ ಮಿರ್ಚಿ ಬಜ್ಜಿಯ ಪೊಟ್ಟಣವನ್ನು ಅವನ ಕಡೆ ಸರಿಸಿದ. ಕೆಟ್ಟವನಲ್ಲ. ಹಗರಿಬೊಮ್ಮನಹಳ್ಳಿಯಲ್ಲಿರುವ ತಂಗಿ ಮಾಲಾಳಿಗೆ ಫೋನು ಮಾಡಿದರೆ ಅವಳೂ ಅದನ್ನೇ ಕೇಳಿದಳು. ಒಂದು ದಿನವೂ ಈ ಹೆಸರು ಎತ್ತಿಲ್ಲವಲ್ಲ ಎಂದಳು. ಎತ್ತಿರಲಿಲ್ಲ, ನಿಜ. ನಲವತ್ತೊಂದು ದಾಟಿದವನು ಮದುವೆಯ ಮಾತಿಗೆ ಹೆದರಿ ಮನೆಯವರೊಂದಿಗೆ ಮಾತನ್ನೇ ಕಡಿಮೆ ಮಾಡಿಕೊಂಡಿದ್ದ. ಈಗ ಅಳಬೇಕೆಂದರೂ ಯಾರ ಮುಂದೆ ಯಾವ ಸಂಬಂಧ ಹೇಳಿ ಅಳುವುದು? ಇಡೀ ತಾಲ್ಲೂಕಿನಲ್ಲಿ ಎಲೆನಿ ಎಂಬುವಳೊಬ್ಬಳು ಬದುಕಿದ್ದಳೆಂದು ಬಲ್ಲವನು ತಾನೊಬ್ಬನೇ ಎಂದು ಅವನಿಗೆ ಅನಿಸಿತು.

ಭಾನುವಾರ ಬಂತು. ಮೂರಕ್ಕೆ ಗಿರಣಿ ನಿಂತಿತು. ನಿಂತದ್ದೇ ತಡ, ಅವನ ಕೈ ರೂಢಿಯಂತೆ ಲ್ಯಾಪ್‌ಟಾಪ್ ತೆರೆಯಿತು. ಮುಂದೇನು ಮಾಡುವುದೆಂದು ತಿಳಿಯದೆ ಖಾಲಿ ಪರದೆಯ ಮುಂದೆ ಸುಮ್ಮನೆ ಕೂತ. ಕೆಳಗೆ ಡಬ್ಬಿಗಳು ಬಡಿದಾಡುವ ಸದ್ದು, ಯಾರದೋ ಗೊಣಗಾಟ. ಗಿರಣಿ ಓಡಿಸಿಕೊಳ್ಳಿ ಎಂದು ಕೂಗಿ ಹೇಳಬೇಕಿತ್ತು. ಹಾಗೆ ಹೇಳಿದರೆ ಎಲ್ಲ ಮುಗಿದೇ ಹೋಗುತ್ತದೆ ಎನಿಸಿ ಬಾಯಿ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಮಂಡಿನೋವಿನ ಶಿವಬಸಮ್ಮ ಬಾಡಿಗೆ ಕೇಳಲೂ ಮೇಲೆ ಹತ್ತಿದವಳಲ್ಲ. ತಲೆಗೂದಲೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯಾಕ್ರೀ ಸರ, ಇವತ್ತು ಮಾತೇ ಇಲ್ಲ? ನಾ ಸುಮ್ನ ಗಿರಣಿ ಬಂದ್ ಮಾಡಿ ಕುಂತೇನಿ."

"ಅವರು ತೀರಿಕೊಂಡ್ರಮ್ಮ."

ಶಿವಬಸಮ್ಮ ಹೊಸ್ತಿಲ ಮೇಲೆ ಕೂತಳು. ಏನಾಗಬೇಕಿತ್ತು ಎಂದು ಕೇಳುತ್ತಾಳೆಂದು ಅವನು ತಲೆ ತಗ್ಗಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಭಾಳ ನಗತಿದ್ಲು ಪುಣ್ಯಾತ್ಮಳು. ಕೆಳಗಿನ ತನಕ ಕೇಳತಿತ್ತು. ಭಾಷಿ ತಿಳೀಲಿಲ್ಲ ಅಂದ್ರೂ ನನಗೂ ನಗು ಬರತಿತ್ತು ನೋಡ್ರಿ."

ಕ್ರಾಂತಿಕುಮಾರ್ ತಲೆಯೆತ್ತಿದ. ಎರಡು ದಿನ ಎದೆಯಲ್ಲಿ ಹಿಡಿದಿಟ್ಟ ಮಾತು ತಾನಾಗಿ ಹೊರಗೆ ಬಂತು.

"ಒಂದು ವರ್ಷ ಜಗಳ ಆಡಿದ್ವಿ ಅಮ್ಮ. ಕಡೀಗೆ ಅವರು ಹೇಳಿದ್ದೇ ಖರೆ ಆತು."

"ಹೇಳಿದ್ರೇನು ಅವರಿಗೆ?"

"ಇಲ್ಲ. ಇವತ್ತು ಹೇಳೋನಿದ್ದೆ."

ಶಿವಬಸಮ್ಮ ಚೌಕಟ್ಟು ಹಿಡಿದು ಎದ್ದು ಒಂದೊಂದೇ ಮೆಟ್ಟಿಲಿಳಿದು ಹೋದಳು. ಇನ್ನೇನು ಗಿರಣಿ ಶುರುವಾಗುತ್ತದೆ ಎಂದು ಅವನು ಕಾದ. ಶುರುವಾಗಲಿಲ್ಲ. ಹಿಟ್ಟು ಯಾವಾಗ ಬೀಸುತ್ತೀರಿ ಎಂದು ಯಾರೋ ರೇಗಿದ್ದು ಕೇಳಿಸಿತು. ಅದರ ಹಿಂದೆಯೇ ಶಟರ್ ಎಳೆಯುವ ಸದ್ದು, ಅವಳ ದನಿ.

"ಡಬ್ಬಿ ತಗೊಂಡು ನಾಳಿ ಬರ್ರಿ. ಮ್ಯಾಲಿನ ಮನಿಯಾಗ ಸಾವಾಗೈತಿ."

ಅವನು ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ತಲೆಯಿಟ್ಟು ಅತ್ತ.